ಎಲ್ಲಾ ಖಾನೆ ತುಂಬೋಕೆ ಹೋಗ್ಬೇಡಿ

ಎಲ್‌ಸ್ಯಾಟ್ ಪರೀಕ್ಷೆಯಲ್ಲಿ ಈಗ ಲಾಜಿಕ್ ಗೇಮ್ಸ್ ಇಲ್ಲ. 2024ರ ಜೂನ್ ಪರೀಕ್ಷೆಯೇ ಕೊನೆ, ಆಗಸ್ಟ್‌ನಿಂದ ಆ ಸೆಕ್ಷನ್ನನ್ನೇ ಎತ್ತಿಬಿಟ್ರು. ಇಲ್ಲದೇ ಇರೋ ಸೆಕ್ಷನ್ ಬಗ್ಗೆ ಈಗ ಯಾಕೆ ಬರೀತಿದೀನಿ ಅಂದ್ರೆ, ಆ ಗೇಮ್ಸ್ ಜೊತೆ ನಾನು ಕಳೆದಷ್ಟು ಟೈಮು ಬೇರೆ ಯಾವ ಪರೀಕ್ಷೆಯ ಜೊತೆನೂ ಕಳೆದಿಲ್ಲ, ಮೊದಲು ನನಗೋಸ್ಕರ, ಆಮೇಲೆ ನ್ಯೂಜೆರ್ಸಿಯಲ್ಲಿ ಓದ್ತಿದ್ದ ಅಕ್ಕನ ಮಗಳಿಗೋಸ್ಕರ, ಆಮೇಲೆ ಅವಳ ಫ್ರೆಂಡ್ಸ್‌ಗೋಸ್ಕರ. ಇನ್ನೊಂದು ಕಾರಣ ಏನಂದ್ರೆ ನಮ್ಮ ಕಡೆಯಿಂದ ಹೋಗಿ ಈ ಪರೀಕ್ಷೆ ಬರೆಯೋರು ಬಹಳ ಜನ ಒಂದೇ ಜಾಗದಲ್ಲಿ ಸಿಕ್ಕಿಹಾಕ್ಕೊಳ್ಳೋದನ್ನ ನೋಡಿದೀನಿ, ಅವರಿಗೆ ಬುದ್ಧಿ ಕಮ್ಮಿ ಅಂತಲ್ಲ, ಅವರ ಕೈಗೆ ಬೇರೆ ಅಭ್ಯಾಸ ಕೂತುಬಿಟ್ಟಿರುತ್ತೆ ಅಷ್ಟೇ.

ಗೊತ್ತಿಲ್ಲದೋರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಅಮೆರಿಕ, ಕೆನಡಾದ ಲಾ ಸ್ಕೂಲ್ ಸೇರೋಕೆ ಬರೆಯೋ ಪರೀಕ್ಷೆ ಎಲ್‌ಸ್ಯಾಟ್, ನಡೆಸೋದು ಎಲ್‌ಸ್ಯಾಕ್ ಅನ್ನೋ ಸಂಸ್ಥೆ, ಸ್ಕೋರು 120ರಿಂದ 180ರವರೆಗೆ. ಅದರಲ್ಲಿ ಅನಲಿಟಿಕಲ್ ರೀಸನಿಂಗ್ ಅಂತ ಒಂದು ಸೆಕ್ಷನ್ ಇರೋದು, ಎಲ್ಲರೂ ಕರೀತಿದ್ದಿದ್ದು ಲಾಜಿಕ್ ಗೇಮ್ಸ್ ಅಂತ. 35 ನಿಮಿಷ, 4 ಗೇಮು, ಒಟ್ಟು 22-24 ಪ್ರಶ್ನೆ. ಅಂದ್ರೆ ಒಂದು ಗೇಮಿಗೆ 8 ನಿಮಿಷ 45 ಸೆಕೆಂಡು. ಏಳು ಜನ, ಏಳು ಸೀಟು, ಐದು ನಿಯಮ, ಇವರು ಅವರಿಗಿಂತ ಮೊದಲು, ಇವರಿಬ್ಬರು ಪಕ್ಕಪಕ್ಕ, ಹೀಗೆ. ಕಾನೂನಿನ ಜ್ಞಾನ ಒಂದು ಚೂರೂ ಬೇಡ, ಪೆನ್ಸಿಲ್ಲು ಬೇಕು.

ಇಷ್ಟು ಕೇಳಿದ ತಕ್ಷಣ ನಮ್ಮೋರು ಹೇಳೋದು, "ಅಯ್ಯೋ ಇದು ಬ್ಯಾಂಕ್ ಎಕ್ಸಾಮ್ ಪಝಲ್ ಅಲ್ವಾ, ಇದನ್ನ ನಾನು ಕಣ್ಮುಚ್ಕೊಂಡು ಮಾಡ್ತೀನಿ." ಧಾರವಾಡದಲ್ಲೋ ವಿಜಯನಗರದಲ್ಲೋ ಕೋಚಿಂಗ್ ಮುಗಿಸಿ ಪಿಒ ಪರೀಕ್ಷೆ ಬರೆದೋರಿಗೆ ಎಂಟು ಜನ ದುಂಡು ಮೇಜಿನ ಸುತ್ತ ಕೂತಿರೋದು, ಅದರಲ್ಲಿ ಮೂರು ಜನ ಹೊರಗೆ ಮುಖ ಮಾಡಿರೋದು, ಒಬ್ಬಳು ಕಾಫಿ ಕುಡಿಯೋಳ ಎಡಗಡೆಯಿಂದ ಮೂರನೇಯವಳು, ಇದೆಲ್ಲಾ ನೀರು ಕುಡಿದಷ್ಟು ಸಲೀಸು. ಅದೇ ತೊಂದ್ರೆ. ಬ್ಯಾಂಕ್ ಪಝಲ್‌ನಲ್ಲಿ ಕೊಟ್ಟಿರೋ ಸುಳಿವೆಲ್ಲಾ ಸೇರಿಸಿದ್ರೆ ಸಾಮಾನ್ಯವಾಗಿ ಒಂದೇ ಒಂದು ಜೋಡಣೆ ಉಳಿಯುತ್ತೆ, ಅದನ್ನ ಪೂರ್ತಿ ತುಂಬಿದ್ಮೇಲೆ ಐದು ಪ್ರಶ್ನೆಗೂ ಉತ್ತರ ಅದರಲ್ಲೇ ಇರುತ್ತೆ, ನೋಡಿ ಬರೆಯೋದಷ್ಟೇ. ಎಲ್‌ಸ್ಯಾಟ್ ಗೇಮ್ ಆ ಥರ ಅಲ್ಲ. ಅದನ್ನ ಬೇಕು ಬೇಕಂತಲೇ ಅರ್ಧ ತೆರೆದಿಟ್ಟಿರ್ತಾರೆ. ಎಲ್ಲಾ ನಿಯಮ ಹಾಕಿದ್ಮೇಲೂ ಹತ್ತೋ ಹದಿನೈದೋ ನೂರೋ ಜೋಡಣೆ ಬದುಕಿರುತ್ತೆ, ಪ್ರಶ್ನೆ ಕೇಳೋದು ಯಾರು ಎಲ್ಲಿ ಕೂತಿದ್ದಾರೆ ಅಂತ ಅಲ್ಲ, ಇವುಗಳಲ್ಲಿ ಯಾವುದು ಖಂಡಿತ, ಯಾವುದು ಸಾಧ್ಯ, ಯಾವುದು ಯಾವತ್ತೂ ಆಗಲ್ಲ ಅಂತ.

ನಮ್ಮೋರು ಏನ್ ಮಾಡ್ತಾರೆ, ಖಾನೆ ತುಂಬೋಕೆ ಶುರು ಮಾಡ್ತಾರೆ. ಅರ್ಧ ತುಂಬಿದ್ಮೇಲೆ ಮುಂದೆ ಹೋಗಲ್ಲ. "ಎಲ್ಲೋ ಸುಳಿವು ಮಿಸ್ ಮಾಡ್ದೆ" ಅಂತ ಮತ್ತೆ ನಿಯಮ ಓದ್ತಾರೆ, ಮತ್ತೆ ತುಂಬ್ತಾರೆ, ಐದು ನಿಮಿಷ ಹೋಯ್ತು, ಇನ್ನೂ ಮೊದಲನೇ ಪ್ರಶ್ನೆ ಓದಿಲ್ಲ. ಸುಳಿವು ಯಾವುದೂ ಮಿಸ್ ಆಗಿರಲ್ಲ, ಇರೋದೇ ಅಷ್ಟು. ಇಲ್ಲಿ ಕಲೀಬೇಕಾಗಿದ್ದು ಏನಂದ್ರೆ ಯಾವುದು ಗಟ್ಟಿ ಆಯ್ತು, ಯಾವುದು ಇನ್ನೂ ಅಲ್ಲಾಡ್ತಿದೆ ಅನ್ನೋ ಗಡಿಯನ್ನ ಗುರುತಿಸೋದು, ಅಲ್ಲಾಡೋದನ್ನ ಅಲ್ಲಾಡೋಕೆ ಬಿಡೋದು. ಹೇಳೋಕೆ ಸುಲಭ, ಕೈ ಕೇಳಲ್ಲ.

ಒಂದು ಗೇಮ್ ನಾನೇ ಕಟ್ಟಿದೀನಿ, ಅದನ್ನ ಇಟ್ಕೊಂಡು ಮಾತಾಡೋಣ. ಒಬ್ಬ ಜಡ್ಜ್ ಒಂದೇ ದಿನ ಏಳು ಕೇಸು ಕೇಳ್ತಾರೆ, ಒಂದಾದ್ಮೇಲೆ ಒಂದು: ಕ, ಗ, ಚ, ತ, ನ, ಪ, ಮ. ನಿಯಮ ನಾಲ್ಕೇ. ಮೊದಲನೇದು, ಕ ಆದ್ಮೇಲೆ ಗ, ಮಧ್ಯದಲ್ಲಿ ಸರಿಯಾಗಿ ಎರಡು ಕೇಸು. ಎರಡನೇದು, ಚ ಮತ್ತು ತ ಪಕ್ಕಪಕ್ಕ, ಯಾವುದು ಮೊದಲು ಅಂತ ಹೇಳಿಲ್ಲ. ಮೂರನೇದು, ನ ಯಾವಾಗ್ಲೂ ಗ ಆದ್ಮೇಲೆ. ನಾಲ್ಕನೇದು, ಪ ಒಂದೋ ಮೊದಲನೇ ಕೇಸು ಇಲ್ಲಾ ಕೊನೇ ಕೇಸು. ಮ ಬಗ್ಗೆ ಏನೂ ಹೇಳಿಲ್ಲ.

ನಿಯಮ ಇಲ್ದಿದ್ರೆ ಏಳು ಕೇಸನ್ನ 5040 ರೀತಿ ಜೋಡಿಸಬಹುದು. ಈಗ ಪೆನ್ಸಿಲ್ ಇಡೋಕೆ ಮುಂಚೆ ನೋಡ್ಬೇಕಾಗಿರೋದು ಯಾವ ನಿಯಮ ಜಾಸ್ತಿ ಜಾಗ ತಿನ್ನುತ್ತೆ ಅಂತ. ಪ ಮೊದಲೋ ಕೊನೆಯೋ ಅನ್ನೋದು ಕೇಳೋಕೆ ಬಹಳ ಬಿಗಿ ಅನ್ಸುತ್ತೆ, ಅಲ್ಲಿಂದ ಶುರು ಮಾಡೋಣ ಅಂತ ಕೈ ತುರಿಸುತ್ತೆ, ಆದ್ರೆ ಅದು ಹಿಡಿಯೋದು ಒಂದೇ ಸೀಟು. ಕ-ಗ ನೋಡಿ, ಕ, ಖಾಲಿ, ಖಾಲಿ, ಗ ಅಂತ ನಾಲ್ಕು ಸೀಟಿನ ಉದ್ದದ ತುಂಡು ಅದು, ಏಳು ಸೀಟಿನಲ್ಲಿ ನಾಲ್ಕು ಸೀಟಿನ ತುಂಡು ಕೂರೋಕೆ ಜಾಗ ನಾಲ್ಕೇ ಕಡೆ. ಅದರ ಮೇಲೆ ನ ಬೇರೆ ಇದೆ, ಅದು ಎಲ್ಲಿ ಕೂರುತ್ತೆ ಅಂತ ಗೊತ್ತಿಲ್ಲದಿದ್ರೂ ನಮ್ಮ ಕೆಂಪು ಬಸ್ಸಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ ಗ ಹಿಂದೆ ಒಂದು ಸೀಟು ಹಿಡಿದುಬಿಟ್ಟಿದೆ. ಹಾಗಾಗಿ ಗ ಏಳನೇದಾಗೋ ಹಾಗಿಲ್ಲ. ಕ ಗೆ ಉಳಿದಿದ್ದು 1, 2, 3 ಅಷ್ಟೇ.

ಇಲ್ಲಿ ಬಹಳ ಜನ ನಿಲ್ಲಿಸಿ ಪ್ರಶ್ನೆಗೆ ಹೋಗಿಬಿಡ್ತಾರೆ. ಇನ್ನೊಂದು ಅರ್ಧ ನಿಮಿಷ ಕೂರಿ. ಇನ್ನೊಂದು ದಪ್ಪ ತುಂಡು ಇದೆಯಲ್ಲ, ಚ-ತ ಜೋಡಿ, ಅದನ್ನ ಎಲ್ಲೆಲ್ಲಿ ಇಡಬಹುದು? ಕ ಗಿಂತ ಮುಂಚೆ ಇಟ್ಟು ನೋಡಿ. ಆಗ ಕ ಮೂರನೇದಾಗ್ಬೇಕು, ಗ ಆರು, ನ ಏಳು, ಚ-ತ 1 ಮತ್ತು 2. ಪ ಗೆ ಮೊದಲ ಸೀಟೂ ಇಲ್ಲ ಕೊನೇ ಸೀಟೂ ಇಲ್ಲ. ಹೋಯ್ತು. ಸರಿ, ಗ ಆದ್ಮೇಲೆ ಇಡಿ. ಗ ಹಿಂದೆ ಈಗ ಚ, ತ, ನ ಮೂರೂ ಕೂರ್ಬೇಕು, ಅಂದ್ರೆ ಗ ನಾಲ್ಕನೇದು, ಕ ಒಂದನೇದು, ಕೊನೇ ಮೂರೂ ಭರ್ತಿ, ಮತ್ತೆ ಪ ಬೀದಿಪಾಲು. ಎರಡೂ ದಾರಿ ಬಂದ್. ಚ-ತ ಯಾವಾಗ್ಲೂ ಕ ಮತ್ತು ಗ ಮಧ್ಯದಲ್ಲೇ! ನಾಲ್ಕು ನಿಯಮದಲ್ಲಿ ಯಾವುದೂ ಇದನ್ನ ಹೇಳಿರಲಿಲ್ಲ, ನಾಲ್ಕೂ ಸೇರಿ ಹೇಳಿದ್ವು.

ಇದು ಸಿಕ್ಕಿದ್ಮೇಲೆ ಗೇಮ್ ಅನ್ನೋದು ಉಳಿಯೋದೇ ಇಲ್ಲ. ಕ-ಚ-ತ-ಗ ಒಂದು ನಾಲ್ಕು ಸೀಟಿನ ದಿಮ್ಮಿ, ಅದರ ಹಿಂದೆ ಎಲ್ಲೋ ನ, ಒಂದು ತುದಿಯಲ್ಲಿ ಪ, ಉಳಿದ ಕಡೆ ಮ. ಪ ಮೊದಲು ಬಂದ್ರೆ ಮೂರು ರೀತಿ, ಕೊನೆಗೆ ಬಂದ್ರೆ ಮೂರು ರೀತಿ, ಚ-ತ ಅದಲು ಬದಲು ಮಾಡಿದ್ರೆ ಒಟ್ಟು 12. 5040 ಇದ್ದಿದ್ದು 12ಕ್ಕೆ ಬಂತು. ನಮ್ಮ ಬ್ಯಾಂಕ್ ಕೈ ಹೇಳುತ್ತೆ 12ನ್ನೂ 1 ಮಾಡು ಅಂತ, ಆಗಲ್ಲ, ಮಾಡಬಾರದು. ಆ 12ರಲ್ಲಿ ಏನು ಸಮಾನ ಅನ್ನೋದೇ ಪ್ರಶ್ನೆ. ಮ ಎರಡನೇ ಕೇಸಾದ್ರೆ ಪ ಎಲ್ಲಿ ಅಂತ ಕೇಳಿದ್ರೆ, ಮೊದಲನೇದು, ಬೇರೆ ದಾರಿನೇ ಇಲ್ಲ. ನ ಐದನೇದಾದ್ರೆ ಆರನೇದು ಯಾವುದು ಅಂದ್ರೆ ಮ. ನಾಲ್ಕನೇ ಕೇಸು ಮ ಆಗಬಹುದಾ ಅಂದ್ರೆ ಆಗಲ್ಲ, ದಿಮ್ಮಿ ಎಲ್ಲಿ ಇಟ್ರೂ ನಾಲ್ಕನೇ ಸೀಟು ಅದರೊಳಗೇ ಬರುತ್ತೆ, ಮೂರನೇ ಸೀಟೂ ಅಷ್ಟೇ. ಒಂದೊಂದು ಪ್ರಶ್ನೆಗೆ ಹತ್ತು ಹದಿನೈದು ಸೆಕೆಂಡು.

ಅದಕ್ಕೇ ನಾನು ಹೇಳೋದು 8 ನಿಮಿಷ 45 ಸೆಕೆಂಡಿನಲ್ಲಿ ಮೂರು, ಬೇಕಾದ್ರೆ ನಾಲ್ಕು ನಿಮಿಷ ಪ್ರಶ್ನೆ ಓದದೇನೇ ಕಳೆದ್ರೂ ಪರವಾಗಿಲ್ಲ ಅಂತ. ಪಕ್ಕದ ಸೀಟಿನವನು ಪರಪರ ಅಂತ ಉತ್ತರ ಗುರುತು ಮಾಡ್ತಿರೋ ಸದ್ದು ಕೇಳ್ತಾ ಸುಮ್ನೆ ಚಿತ್ರ ನೋಡ್ತಾ ಕೂರೋಕೆ ಧೈರ್ಯ ಬೇಕು, ಅದು ಒಂಥರಾ ಗುಂಡಿಗೆಯ ಪ್ರಶ್ನೆ. ಆದ್ರೆ ಇದಕ್ಕೂ ಒಂದು ಮಿತಿ ಇದೆ, ಅದನ್ನ ಯಾರೂ ಸರಿಯಾಗಿ ಹೇಳಲ್ಲ. ಕೆಲವು ಗೇಮ್‌ನಲ್ಲಿ ಇಂಥ ದೊಡ್ಡ ತೀರ್ಮಾನ ಇರೋದೇ ಇಲ್ಲ. ಎಷ್ಟು ಹೊತ್ತು ದಿಟ್ಟಿಸಿದ್ರೂ ಏನೂ ಹುಟ್ಟಲ್ಲ, ಆಗ ನಿಮ್ಮ ಹುಡುಕಾಟವೇ ನಿಮ್ಮ ಟೈಮ್ ತಿನ್ನುತ್ತೆ. ನಾನು ಇಟ್ಕೊಂಡಿದ್ದ ಅಳತೆ ಇಷ್ಟೇ: ಒಂದೇ ಅಕ್ಷರ ಎರಡು ನಿಯಮದಲ್ಲಿ ಬಂದಿದೆಯಾ ನೋಡು, ಬಂದಿದ್ರೆ ಆ ಎರಡನ್ನ ಜೋಡಿಸಿ ನೋಡು. ದೊಡ್ಡ ತುಂಡು ಯಾವುದು, ಅದು ಕೂರೋ ಜಾಗ ಎಷ್ಟು ನೋಡು. ತುದಿಗಳಲ್ಲಿ ಯಾರು ಕೂರೋಕಾಗಲ್ಲ ನೋಡು. ಈ ಮೂರರಲ್ಲೂ ಏನೂ ಸಿಗ್ಲಿಲ್ಲ ಅಂದ್ರೆ ಪ್ರಶ್ನೆಗೆ ಹೋಗು, ಆ ಗೇಮು ಪ್ರಶ್ನೆಯ ಒಳಗೇ ಬಿಚ್ಕೊಳ್ಳೋ ಥರದ್ದು.

ಸಿಗ್ಲಿಲ್ಲ, ಆದ್ರೂ ಬಿಗಿಯಾಗಿದೆ ಅನ್ಸಿದ್ರೆ ಒಡೀರಿ. ಮೇಲಿನ ಗೇಮ್‌ನಲ್ಲಿ ಆ ಚ-ತ ವಿಷಯ ನಿಮಗೆ ಹೊಳೀಲೇ ಇಲ್ಲ ಅಂತ ಇಟ್ಕೊಳ್ಳಿ, ಕ 1, ಕ 2, ಕ 3 ಅಂತ ಮೂರು ಚಿತ್ರ ಬರೆದಿದ್ರೂ ಅದೇ ಜಾಗಕ್ಕೆ ಬರ್ತಿದ್ರಿ. ಕ 3 ಅಂದ್ರೆ ಗ 6, ನ 7, ಪ ಗೆ 1 ಬಿಟ್ರೆ ಗತಿ ಇಲ್ಲ, ಚ-ತ 4 ಮತ್ತು 5, ಮ 2, ಪೂರ್ತಿ ಬೀಗ. ಕ 1 ಅಂದ್ರೆ ಗ 4, ಪ 7, ನ ಐದರಲ್ಲೋ ಆರರಲ್ಲೋ, ಹಾಗಾಗಿ ಚ-ತ 2 ಮತ್ತು 3. ಕ 2 ಒಂದೇ ಸ್ವಲ್ಪ ಸಡಿಲ. ಯಾವುದರ ಮೇಲೆ ಒಡೀಬೇಕು ಅನ್ನೋದೇ ಇಲ್ಲಿ ಕಸುಬು. ಎರಡೋ ಮೂರೋ ಆಯ್ಕೆ ಇರ್ಬೇಕು, ಪ್ರತಿಯೊಂದು ಆಯ್ಕೆನೂ ತನ್ನ ಜೊತೆ ಇನ್ನಿಬ್ಬರನ್ನಾದ್ರೂ ಎಳ್ಕೊಂಡು ಬರ್ಬೇಕು. ಒಬ್ಬನೇ ಬಂದು ಕೂತು ಬೇರೆ ಯಾರನ್ನೂ ಅಲ್ಲಾಡಿಸದೇ ಇದ್ರೆ ಅಂಥದ್ದರ ಮೇಲೆ ಒಡೆದು ಐದಾರು ಚಿತ್ರ ಬರೆಯೋದು ಸುಮ್ನೆ ಪೇಪರ್ ದಂಡ. ಅಕ್ಕನ ಮಗಳಿಗೆ ಈ ಒಡೆಯೋ ಹುಚ್ಚು ಎಷ್ಟು ಹತ್ತಿತ್ತು ಅಂದ್ರೆ ಮದುವೆ ಮನೆ ಊಟದ ಪಂಕ್ತಿ ನೋಡಿದ್ರೂ ಅಜ್ಜಿ ತುದಿಯಲ್ಲಿ ಕೂತ್ರೆ ಎರಡು ಚಿತ್ರ ಆಗುತ್ತೆ ಅಂತಿದ್ಲು.

ಪ್ರಶ್ನೆಗಳನ್ನ ಕೊಟ್ಟಿರೋ ಕ್ರಮದಲ್ಲೇ ಮಾಡ್ಬೇಕು ಅಂತೇನಿಲ್ಲ. ಮೊದಲನೇ ಪ್ರಶ್ನೆ ಹೆಚ್ಚುಕಮ್ಮಿ ಯಾವಾಗ್ಲೂ ಒಂದೇ ಥರ, ಐದು ಪೂರ್ತಿ ಜೋಡಣೆ ಕೊಟ್ಟು ಯಾವುದು ನಡೆಯುತ್ತೆ ಅಂತಾರೆ. ಅಲ್ಲಿ ಒಂದೊಂದು ಆಯ್ಕೆ ತಗೊಂಡು ಎಲ್ಲಾ ನಿಯಮ ಚೆಕ್ ಮಾಡೋದು ನಿಧಾನ, ಉಲ್ಟಾ ಮಾಡಿ, ಒಂದು ನಿಯಮ ಹಿಡ್ಕೊಂಡು ಐದೂ ಆಯ್ಕೆ ಮೇಲೆ ಕಣ್ಣಾಡಿಸಿ. ಅದರಲ್ಲೂ ಕಣ್ಣಿಗೆ ಬೇಗ ಕಾಣೋ ನಿಯಮ ಮೊದಲು, ಪ ತುದಿಯಲ್ಲಿದೆಯಾ ಅನ್ನೋದಕ್ಕೆ ಎಣಿಸೋದು ಬೇಡ, ಕ-ಗ ಮಧ್ಯೆ ಎರಡಿದೆಯಾ ಅನ್ನೋದಕ್ಕೆ ಬೇಕು. ಆಮೇಲೆ "ಹೀಗಾದ್ರೆ" ಅಂತ ಶುರುವಾಗೋ ಪ್ರಶ್ನೆಗಳಿಗೆ ಹಾರಿ, ಯಾಕಂದ್ರೆ ಅವು ನಿಮಗೆ ಒಂದು ಹೊಸ ನಿಯಮ ಫ್ರೀಯಾಗಿ ಕೊಡ್ತವೆ, ಚಿತ್ರ ಬೇಗ ತುಂಬುತ್ತೆ. ಆ ಚಿತ್ರಗಳನ್ನ ದಯವಿಟ್ಟು ಅಳಿಸ್ಬೇಡಿ! ಕೊನೆಗೆ "ಖಂಡಿತ ಯಾವುದು ನಿಜ" ಅನ್ನೋ ಪ್ರಶ್ನೆಗೆ ಬಂದಾಗ ಆ ಹಳೇ ಚಿತ್ರಗಳೇ ಸಾಕ್ಷಿ. ಮ ಯಾವಾಗ್ಲೂ ನ ಗಿಂತ ಮೊದಲು ಅಂತ ಒಂದು ಆಯ್ಕೆ ಇದ್ರೆ, ನ 5, ಮ 6, ಪ 7 ಅಂತ ನೀವು ಆಗ್ಲೇ ಬರೆದಿಟ್ಟಿದ್ದ ಚಿತ್ರ ತೋರಿಸಿ ಅದನ್ನ ಹೊಡೆದು ಹಾಕಬಹುದು, ಹೊಸದಾಗಿ ಯೋಚನೆ ಮಾಡೋ ಕೆಲಸವೇ ಇಲ್ಲ. ಇನ್ನು ಒಂದು ನಿಯಮ ತೆಗೆದು ಅದರ ಜಾಗಕ್ಕೆ ಏನು ಹಾಕಿದ್ರೆ ಗೇಮ್ ಹಾಗೇ ಇರುತ್ತೆ ಅಂತ ಕೇಳೋ ಪ್ರಶ್ನೆ, ಅದು ಬಂದ್ರೆ ಬಿಟ್ಟು ಮುಂದೆ ಹೋಗಿ, ಟೈಮ್ ಉಳಿದ್ರೆ ವಾಪಸ್ ಬನ್ನಿ. ತಪ್ಪು ಉತ್ತರಕ್ಕೆ ಮಾರ್ಕ್ಸ್ ಕಟ್ ಇಲ್ಲ, ಏನೋ ಒಂದು ಗುರುತು ಮಾಡಿ ಬನ್ನಿ ಅಷ್ಟೇ.

ಸಾಲಾಗಿ ಕೂರಿಸೋ ಗೇಮ್ ಇಷ್ಟು ಅಭ್ಯಾಸಕ್ಕೆ ಬಗ್ಗುತ್ತೆ. ಜೀವ ತಿನ್ನೋದು ಆಯ್ಕೆ ಮಾಡೋ ಗೇಮ್, ಏಳೋ ಎಂಟೋ ಜನರಲ್ಲಿ ಯಾರು ಒಳಗೆ ಯಾರು ಹೊರಗೆ ಅನ್ನೋದು. ಅಲ್ಲಿ ಹೆಚ್ಚಿನ ನಿಯಮ ಶರತ್ತು, ಇದಾದ್ರೆ ಅದು ಅನ್ನೋ ಥರ. ರಮ್ಯ ಬಂದ್ರೆ ಸುಧಾ ಬರಲ್ಲ ಅಂತ ಒಂದು ನಿಯಮ ಇದ್ರೆ ತಕ್ಷಣ ನಮ್ಮ ತಲೆ ಇಬ್ಬರಲ್ಲಿ ಒಬ್ಬರು ಬರ್ತಾರೆ ಅಂತ ಓದ್ಕೊಳ್ಳುತ್ತೆ. ಅದು ಹಾಗೆ ಹೇಳಿಲ್ಲ, ಇಬ್ಬರೂ ಒಟ್ಟಿಗೆ ಬರಲ್ಲ ಅಷ್ಟೇ, ಇಬ್ಬರೂ ಮನೇಲೇ ಇರಬಹುದು. ರಮ್ಯ ಬರದಿದ್ರೆ ಸುಧಾ ಬರ್ತಾಳೆ ಅನ್ನೋದು ಪೂರ್ತಿ ಬೇರೆ ನಿಯಮ, ಅಲ್ಲಿ ಇಬ್ಬರೂ ಬರಬಹುದು, ಇಬ್ಬರೂ ಇಲ್ಲದೇ ಇರೋ ಹಾಗಿಲ್ಲ. ನೋಡೋಕೆ ಅವಳಿ ಜವಳಿ, ಕೆಲಸ ಉಲ್ಟಾ. ಪ್ರತೀ ಶರತ್ತನ್ನ ಬರೆದ ತಕ್ಷಣ ಅದರ ಕೆಳಗೆ ತಿರುಗಿಸಿದ ರೂಪವನ್ನೂ ಬರೀಬೇಕು, ರಮ್ಯ ಬಂದ್ರೆ ಸುಧಾ ಬರಲ್ಲ ಅನ್ನೋದರ ಕೆಳಗೆ ಸುಧಾ ಬಂದ್ರೆ ರಮ್ಯ ಬರಲ್ಲ ಅಂತ. ರಮ್ಯ ಒಳಗೆ ಅಂದ್ರೆ ಸುಧಾ ಹೊರಗೆ, ಸುಧಾ ಹೊರಗೆ ಅಂದ್ರೆ ವಾಣಿ ಒಳಗೆ ಅಂತ ಎರಡು ನಿಯಮ ಇದ್ರೆ, ವಾಣಿ ಬರಲ್ಲ ಅಂತ ಗೊತ್ತಾದ ಕ್ಷಣ ಸುಧಾ ಒಳಗೆ, ರಮ್ಯ ಹೊರಗೆ ಅಂತ ಹಿಂದಕ್ಕೆ ಓಡ್ಬೇಕು ಕೈ. ಮನಸ್ಸಲ್ಲೇ ಮಾಡ್ತೀನಿ ಅನ್ನೋರು ಮೂರನೇ ಕೊಂಡಿಯಲ್ಲಿ ಬೀಳ್ತಾರೆ.

2009ರ ಜೂನ್ ಪರೀಕ್ಷೆಯಲ್ಲಿ ಬಂದ ಡೈನೋಸಾರ್ ಗೇಮ್ ಅಂತ ಒಂದಿದೆ, ಎಲ್‌ಸ್ಯಾಟ್ ಓದಿದೋರ ಮುಂದೆ ಡೈನೋಸಾರ್ ಅಂದ್ರೆ ಸಾಕು, ಮುಖ ಸಿಂಡರಿಸ್ತಾರೆ. ಏಳು ಥರದ ಆಟಿಕೆ ಡೈನೋಸಾರ್‌ನಲ್ಲಿ ಐದನ್ನ ಪ್ರದರ್ಶನಕ್ಕೆ ಇಡ್ಬೇಕು, ಪ್ರತಿಯೊಂದಕ್ಕೂ ನಾಲ್ಕು ಬಣ್ಣದಲ್ಲಿ ಒಂದು, ಸರಿಯಾಗಿ ಎರಡು ಮಾತ್ರ ಮೋವ್ ಅನ್ನೋ ತೆಳು ನೇರಳೆ ಬಣ್ಣದ್ದು. ಎಲ್ಲರೂ ಯಾವ ಡೈನೋಸಾರ್ ಒಳಗೆ ಯಾವುದು ಹೊರಗೆ ಅಂತ ತಲೆ ಕೆಡಿಸ್ಕೊಳ್ತಾರೆ, ಹೆಸರುಗಳು ಬೇರೆ ನಾಲಿಗೆ ತಿರುಚೋ ಥರದ್ದು. ಆದ್ರೆ ಗೇಮಿನ ಜುಟ್ಟು ಇರೋದು ಆ ಮೋವ್ ಬಣ್ಣದಲ್ಲಿ. ಸ್ಟೆಗೋಸಾರ್ ಕೆಂಪು ಅಂತ ಫಿಕ್ಸು. ಇಗ್ವಾನೋಡಾನ್ ಇದ್ರೆ ಹಸಿರು, ಪ್ಲೇಟಿಯೋಸಾರ್ ಇದ್ರೆ ಹಳದಿ. ಮೂರು ಔಟು. ಮೋವ್ ಆಗೋಕೆ ಉಳಿದಿದ್ದು ಲ್ಯಾಂಬಿಯೋಸಾರ್, ಟೈರನೋಸಾರ್, ಅಲ್ಟ್ರಾಸಾರ್, ವೆಲಾಸಿರ್ಯಾಪ್ಟರ್ ನಾಲ್ಕೇ. ನಾಲ್ಕರಲ್ಲಿ ಎರಡು ಆರಿಸೋಕೆ ಆರು ಜೋಡಿ. ಅಲ್ಟ್ರಾ ಮತ್ತು ವೆಲಾಸಿ ಒಟ್ಟಿಗೆ ಇರೋ ಹಾಗಿಲ್ಲ, ಲ್ಯಾಂಬಿ ಮತ್ತು ಅಲ್ಟ್ರಾ ಇಬ್ಬರೂ ಮೋವ್ ಆಗೋ ಹಾಗಿಲ್ಲ. ಎರಡು ಜೋಡಿ ಹೋಯ್ತು, ನಾಲ್ಕು ಉಳೀತು. ಇನ್ನೊಂದು ಲೆಕ್ಕ ಏನಂದ್ರೆ ಏಳರಲ್ಲಿ ಐದು ಬೇಕು ಅಂದ್ರೆ ಹೊರಗೆ ಹೋಗೋಕೆ ಇರೋ ಜಾಗ ಎರಡೇ, ಅದರಲ್ಲಿ ಒಂದನ್ನ ಅಲ್ಟ್ರಾ ಇಲ್ಲಾ ವೆಲಾಸಿ ತಿಂದುಬಿಟ್ಟಿದೆ. ಇಬ್ಬರೂ ಹೊರಗೆ ಹೋದ್ರಂತೂ ಉಳಿದ ಐದೂ ಒಳಗೆ, ಲ್ಯಾಂಬಿ-ಟೈರನೋ ಮೋವ್, ಕಥೆ ಮುಗೀತು. ಒಳಗೆ ಇರೋರನ್ನ ಎಣಿಸೋ ಬದಲು ಹೊರಗೆ ಹೋಗೋರನ್ನ ಎಣಿಸಿ, ಯಾರ ಸಂಖ್ಯೆ ಕಮ್ಮಿನೋ ಅವರ ಕಡೆಯಿಂದ ಲೆಕ್ಕ ಹಿಡೀರಿ. ಇದೊಂದು ಗೊತ್ತಿದ್ರೆ ಆಯ್ಕೆ ಗೇಮಿನಲ್ಲಿ ಅರ್ಧ ಸಿಕ್ಕು ಬಿಡುತ್ತೆ.

ವಿಚಿತ್ರ ಗೇಮ್‌ಗಳೂ ಬರ್ತಿದ್ವು. 2016ರ ಸೆಪ್ಟೆಂಬರ್‌ನಲ್ಲಿ ಆರು ಕಂಪ್ಯೂಟರಿನ ನೆಟ್‌ವರ್ಕು, ವೈರಸ್ ಯಾವುದರಿಂದ ಯಾವುದಕ್ಕೆ ಹರಡಿತು ಅಂತ ಒಂದು ಗೇಮ್ ಬಂದು ಆ ಸಲ ಬರೆದೋರೆಲ್ಲಾ ಬೆವರಿದ್ರು. ಸಾಲೂ ಅಲ್ಲ, ಗುಂಪೂ ಅಲ್ಲ, ಕಲಿತ ಚಿತ್ರ ಯಾವುದೂ ಹೊಂದಲ್ಲ. ಅಂಥದ್ದಕ್ಕೆ ತಂತ್ರ ಅಂತ ಹೇಳೋಕೆ ಹೋದ್ರೆ ಸುಳ್ಳು ಹೇಳಿದ ಹಾಗಾಗುತ್ತೆ. ನಾನು ಹೇಳ್ತಿದ್ದಿದ್ದು ಇಷ್ಟೇ, ನಾಲ್ಕು ಗೇಮಿನಲ್ಲಿ ಅದನ್ನ ಕೊನೆಗೆ ಇಟ್ಕೋ, ಒಂದು ಸರಿಯಾದ ಉದಾಹರಣೆ ಬರೆದು ನೋಡು, ಅದು ಹೇಗೆ ಅಲ್ಲಾಡುತ್ತೆ ಅಂತ ತಿಳೀತು ಅಂದ್ರೆ ಮುಂದಿಂದು ತಾನೇ ಬರುತ್ತೆ.

ಅಭ್ಯಾಸದ ವಿಷಯದಲ್ಲಿ ನನ್ನದು ಸ್ವಲ್ಪ ಹಠ. ದಿನಾ ಹೊಸ ಹೊಸ ಗೇಮ್ ಮಾಡೋದು ಖುಷಿ ಕೊಡುತ್ತೆ, ಕಲಿಸೋದು ಕಮ್ಮಿ. ಮಾಡಿದ ಗೇಮನ್ನೇ ಮಾರನೇ ದಿನ ಖಾಲಿ ಹಾಳೆ ಮೇಲೆ ಮತ್ತೆ ಮಾಡಿ, ವಾರ ಬಿಟ್ಟು ಮತ್ತೆ ಮಾಡಿ. ಉತ್ತರ ನೆನಪಿರುತ್ತಲ್ಲ ಅಂತಾರೆ, ಇರ್ಲಿ ಬಿಡಿ, ಉತ್ತರ ಯಾರಿಗೆ ಬೇಕು, ಆ ತೀರ್ಮಾನ ಹೇಗೆ ಹುಟ್ಟಿತು ಅನ್ನೋ ದಾರಿಯಲ್ಲಿ ಕೈ ಮತ್ತೆ ಮತ್ತೆ ಓಡಾಡ್ಬೇಕು. ಸಂಗೀತ ಕಲಿಯೋರು ದಿನಾ ಹೊಸ ರಾಗ ಹಾಡ್ತಾರಾ, ಸರಳೆ ವರಸೆನೇ ತಿಂಗಳುಗಟ್ಲೆ ಹಾಡ್ತಾರೆ. ಟೈಮರ್ ಇಟ್ಕೊಳ್ಳೋದನ್ನ ಆದಷ್ಟು ತಡ ಮಾಡಿ. ನಿಧಾನವಾಗಿ ಸರಿ ಮಾಡೋಕೆ ಬರದೇ ಇರೋದು ವೇಗವಾಗಿ ಸರಿ ಮಾಡೋಕೆ ಎಲ್ಲಿಂದ ಬರುತ್ತೆ. ಚಿತ್ರ ಚಿಕ್ಕದಾಗಿ ಬರೆಯೋದನ್ನೂ ಕಲಿಯಬೇಕಿತ್ತು ಮೊದಲೆಲ್ಲಾ, ಪೇಪರ್ ಕಾಲದಲ್ಲಿ ಬೇರೆ ಹಾಳೆ ಕೊಡ್ತಿರಲಿಲ್ಲ, ಪ್ರಶ್ನೆಪತ್ರಿಕೆಯ ಖಾಲಿ ಜಾಗದಲ್ಲೇ ಎಲ್ಲಾ ಗೀಚ್ಬೇಕು. 2019ರಲ್ಲಿ ಪರೀಕ್ಷೆ ಟ್ಯಾಬ್ಲೆಟ್‌ಗೆ ಹೋದ್ಮೇಲೆ ಬೇರೆ ಹಾಳೆ ಕೊಟ್ರು, ಆದ್ರೆ ಪ್ರಶ್ನೆ ಸ್ಕ್ರೀನ್ ಮೇಲೆ, ಚಿತ್ರ ಕೆಳಗೆ, ಕತ್ತು ಮೇಲೆ ಕೆಳಗೆ ಆಡಿಸ್ತಾ ಇರ್ಬೇಕಾಯ್ತು.

ಇನ್ನು ಇದನ್ನ ಯಾಕೆ ತೆಗೆದ್ರು ಅನ್ನೋ ವಿಷಯ. ನಾನು ಹೇಳಿದ್ದೆಲ್ಲಾ ಮತ್ತೊಂದು ಸಲ ಓದಿ ನೋಡಿ, ಪ್ರತೀ ಸಾಲಲ್ಲೂ ಚಿತ್ರ, ಗೀಚು, ಕಣ್ಣಾಡಿಸು ಅಂತಲೇ ಇದೆ. ಕಣ್ಣು ಕಾಣದವರು ಏನ್ ಮಾಡ್ಬೇಕು? 2011ರಲ್ಲಿ ಮಿಶಿಗನ್‌ನಲ್ಲಿ ಒಬ್ಬ ಅಂಧ ಪರೀಕ್ಷಾರ್ಥಿ ಇದೇ ಪ್ರಶ್ನೆ ಇಟ್ಕೊಂಡು ಕೋರ್ಟಿಗೆ ಹೋದ್ರು. ಬಹಳ ವರ್ಷ ಎಳೆದಾಡಿ ಕೊನೆಗೆ 2019ರ ಅಕ್ಟೋಬರ್‌ನಲ್ಲಿ ಇಬ್ಬರು ಅಂಧ ಪರೀಕ್ಷಾರ್ಥಿಗಳ ಜೊತೆ ಎಲ್‌ಸ್ಯಾಕ್ ರಾಜಿ ಮಾಡ್ಕೊಂಡು, ನಾಲ್ಕು ವರ್ಷದೊಳಗೆ ಈ ಸಾಮರ್ಥ್ಯವನ್ನ ಅಳೆಯೋಕೆ ಬೇರೆ ದಾರಿ ಹುಡುಕ್ತೀವಿ ಅಂತ ಒಪ್ಕೊಳ್ತು. 2023ರ ಅಕ್ಟೋಬರ್‌ನಲ್ಲಿ ತೀರ್ಮಾನ ಹೇಳಿದ್ರು, 2024ರ ಆಗಸ್ಟ್‌ನಿಂದ ಗೇಮ್ಸ್ ಬದಲು ಇನ್ನೊಂದು ಲಾಜಿಕಲ್ ರೀಸನಿಂಗ್ ಸೆಕ್ಷನ್, ಅಂದ್ರೆ ಚಿಕ್ಕ ಚಿಕ್ಕ ವಾದ ಓದಿ ಅದರ ತರ್ಕ ಪರೀಕ್ಷೆ ಮಾಡೋದು. ಗೇಮ್ಸ್ ಪ್ರಿಯರು ಬಹಳ ಗೋಳಾಡಿದ್ರು. ಗೋಳಾಡೋಕೆ ಕಾರಣ ಇತ್ತು, ಮೂರು ಥರದ ಸೆಕ್ಷನ್‌ಗಳಲ್ಲಿ ಅಭ್ಯಾಸಕ್ಕೆ ಜಾಸ್ತಿ ಬಗ್ಗುತ್ತಿದ್ದಿದ್ದು ಇದೇ, ಇಂಗ್ಲಿಷ್ ಮಾತೃಭಾಷೆ ಅಲ್ಲದೋರಿಗೆ ಸ್ವಲ್ಪ ಉಸಿರಾಡೋಕೆ ಇದ್ದ ಜಾಗನೂ ಇದೇ. ನಮ್ಮ ಕಡೆಯೋರಿಗೆ ಇದರಿಂದ ನಷ್ಟ ಆಗಿದೆ ಅಂತ ನಾನು ಒಪ್ತೀನಿ. ಆದ್ರೂ ತೆಗೆದಿದ್ದು ಸರಿ ಅನ್ನೋದೇ ನನ್ನ ಅಭಿಪ್ರಾಯ. ವಕೀಲರಾಗೋಕೆ ಖಾನೆ ಬರೆಯೋಕೆ ಬರಲೇಬೇಕು ಅಂತ ಯಾವ ಕೋರ್ಟಲ್ಲೂ ನಿಯಮ ಇಲ್ಲ, ಕಣ್ಣಿಲ್ಲದೇ ಒಳ್ಳೇ ವಕೀಲಿಕೆ ಮಾಡಿದೋರು ಬೇಕಾದಷ್ಟು ಜನ ಇದ್ದಾರೆ.

ಭಾರತದಲ್ಲೂ ಇದರ ಒಂದು ಕೊಂಬೆ ಇತ್ತು, 2009ರಿಂದ ನಡೀತಿದ್ದ ಎಲ್‌ಸ್ಯಾಟ್ ಇಂಡಿಯಾದಲ್ಲಿ ಅನಲಿಟಿಕಲ್ ರೀಸನಿಂಗ್ ಇರೋದು, ಈಗ ಆ ಪರೀಕ್ಷೆಯೇ ನಿಂತಿದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಸೇರೋಕೆ ಬರೆಯೋ ಕ್ಲ್ಯಾಟ್‌ನಲ್ಲಿ ಮೊದಲು ಕೂರಿಸೋ ಪಝಲ್ ಬರ್ತಿತ್ತು, 2020ರಿಂದ ಪ್ಯಾಸೇಜ್ ಓದಿ ಉತ್ತರ ಬರೆಯೋ ಥರ ಆಗಿದೆ. ಹಾಗಾಗಿ ಈಗ ಎಲ್‌ಸ್ಯಾಟ್ ಓದ್ತಿರೋರು ಯಾರಾದ್ರೂ ಹಳೇ ಗೇಮ್ಸ್ ಪುಸ್ತಕ ಕಮ್ಮಿ ಬೆಲೆಗೆ ಸಿಕ್ತು ಅಂತ ತಗೊಂಡು ಕೂತಿದ್ರೆ ಮುಚ್ಚಿಡಿ, ಎಲ್‌ಸ್ಯಾಕ್‌ನದೇ ಲಾಹಬ್ ವೆಬ್‌ಸೈಟಿನಲ್ಲಿ ಹಳೇ ಪೇಪರ್‌ಗಳನ್ನೇ ಗೇಮ್ಸ್ ತೆಗೆದು ಮತ್ತೆ ಜೋಡಿಸಿ ಇಟ್ಟಿದ್ದಾರೆ, ಅದನ್ನ ಮಾಡಿ. ಎಂಬಿಎ ಸೇರೋಕೆ ಬರೆಯೋ ಕ್ಯಾಟ್‌ನ ಡಿಐಎಲ್‌ಆರ್, ಅಂದ್ರೆ ಅಂಕಿಅಂಶ ಮತ್ತು ತರ್ಕದ ಸೆಕ್ಷನ್‌ಗೆ ಓದ್ತಿರೋರು ಬೇಕಾದ್ರೆ ಇಟ್ಕೊಳ್ಳಿ, ಅಲ್ಲಿ ಕೆಲವು ಸೆಟ್‌ಗಳು ಹೀಗೇ ಅರ್ಧ ತೆರೆದಿರ್ತವೆ. ಲಾಜಿಕಲ್ ರೀಸನಿಂಗ್‌ನಲ್ಲೂ ಶರತ್ತನ್ನ ತಿರುಗಿಸಿ ಓದೋ ವಿದ್ಯೆ ಹಾಗೇ ಕೆಲಸಕ್ಕೆ ಬರುತ್ತೆ, ಖಾನೆ ಮಾತ್ರ ಇರಲ್ಲ.

ಸುಮ್ನೆ ಮಜಾಕ್ಕೆ ಮಾಡೋರಿಗೆ ಒಂದು ಬಿಟ್ಟು ಹೋಗ್ತೀನಿ. ಮೇಲಿನ ಏಳು ಕೇಸಿನ ಗೇಮ್‌ನಲ್ಲಿ ಮೂರನೇ ನಿಯಮ, ನ ಯಾವಾಗ್ಲೂ ಗ ಆದ್ಮೇಲೆ ಅನ್ನೋದು, ಅದನ್ನ ಕಿತ್ತು ಹಾಕಿ. ಚ-ತ ಈಗ ಕ-ಗ ಮಧ್ಯೆನೇ ಇರ್ಬೇಕು ಅಂತ ಇಲ್ಲ, 12 ಇದ್ದಿದ್ದು 40 ಆಗುತ್ತೆ. ನಂಬಿಕೆ ಇಲ್ದಿದ್ರೆ ಕ 1, 2, 3, 4 ಅಂತ ನಾಲ್ಕು ಚಿತ್ರ ಬರೆದು ಎಣಿಸಿ, ಎರಡು ಬರೆದ್ರೂ ಸಾಕು, ಇನ್ನೆರಡು ಅವುಗಳನ್ನೇ ಉಲ್ಟಾ ಹಿಡಿದ ಹಾಗೆ ಬರುತ್ತೆ.